ರಂಗನತಿಟ್ಟಿನಲ್ಲಿ ದೋಣಿ ಕೊನೆಗಿರಲಿ

ರಂಗನತಿಟ್ಟಿಗೆ ಹೊರಡುವ ತಯಾರಿ ನಮ್ಮ ಮನೆಯಲ್ಲಿ ಬೆಳಗಿನ ಪತ್ರಿಕೆಯಿಂದ ಶುರುವಾಗುತ್ತದೆ. ಒಳಪುಟದ ಒಂದು ಮೂಲೆಯಲ್ಲಿ ಬೆರಳಗಲದ ಜಾಗದಲ್ಲಿ ಕೆಆರ್‌ಎಸ್ ವಿವರ ಇರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯುಸೆಕ್. ಮಂಡ್ಯದ ರೈತನ ಕಣ್ಣು ಮೊದಲು ಹೋಗುವುದು ಮಟ್ಟದ ಕಡೆಗೆ. ಹಕ್ಕಿ ನೋಡಲು ಹೊರಟವನು ನೋಡಬೇಕಾದದ್ದು ಹೊರಹರಿವನ್ನು. ರಂಗನತಿಟ್ಟು ಇರುವುದು ಕೆಆರ್‌ಎಸ್‌ನ ಕೆಳಗೆ, ಅದೇ ಕಾವೇರಿಯ ನಡುವೆ. ಅಣೆಕಟ್ಟೆಯಿಂದ ಹತ್ತಾರು ಸಾವಿರ ಕ್ಯುಸೆಕ್ ನೀರು ಬಿಟ್ಟ ದಿನ ಇಲ್ಲಿ ದೋಣಿ ದಡ ಬಿಡುವುದಿಲ್ಲ.

ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಒಂದು ಜುಲೈನಲ್ಲಿ ದಾವಣಗೆರೆಯಿಂದ ಅಕ್ಕ, ಭಾವ, ಅವರ ಮಕ್ಕಳು ಬಂದಿದ್ದರು. ಹಕ್ಕಿಗಳ ಬಗ್ಗೆ ಹಿಂದಿನ ರಾತ್ರಿಯೇ ಒಂದು ಗಂಟೆ ಭಾಷಣ ಮಾಡಿದ್ದೆ. ಪತ್ರಿಕೆ ಮಾತ್ರ ನೋಡಿರಲಿಲ್ಲ. ಹೋಗಿ ನೋಡಿದರೆ ಹೊಳೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ ತಿಟ್ಟುಗಳ ಸೊಂಟದವರೆಗೆ ಏರಿತ್ತು. ದೋಣಿಗಳನ್ನು ಮೇಲೆಳೆದು ಸರಪಳಿ ಹಾಕಿದ್ದರು. ಭಾವ ಒಳ್ಳೆಯ ಮನುಷ್ಯ, ಏನೂ ಅನ್ನಲಿಲ್ಲ. ಅಕ್ಕ ಮಾತ್ರ ಮನೆ ತಲುಪುವವರೆಗೂ "ಅಂತೂ ಒಳ್ಳೆಯ ಹೊಳೆ ತೋರಿಸಿದೆ ಕಣೋ" ಎನ್ನುತ್ತಲೇ ಇದ್ದಳು.

ನಾನು ಅಂಚೆ ಇಲಾಖೆಯಲ್ಲಿ ದುಡಿದವನು. ಕೊನೆಯ ಕೆಲವು ವರ್ಷ ಶ್ರೀರಂಗಪಟ್ಟಣದಲ್ಲಿದ್ದೆ, ಈಗ ಮೈಸೂರಿನಲ್ಲಿದ್ದೇನೆ. ಪಕ್ಷಿತಜ್ಞನಲ್ಲ. ನನ್ನ ತಾತ ಈ ಸುತ್ತಿನ ನಾಲೆಯೊಂದಕ್ಕೆ ನೀರುಗಂಟಿಯಾಗಿದ್ದ. ಯಾವ ಗದ್ದೆಗೆ ಯಾವ ಹೊತ್ತು ನೀರು ಹಾಯಬೇಕು ಎಂದು ತೂಬಿನ ಬಳಿ ನಿಂತು ನಿರ್ಧರಿಸುವ, ಅದಕ್ಕಾಗಿ ಊರಿನ ಅರ್ಧ ಜನರಿಂದ ಬೈಸಿಕೊಳ್ಳುವ ಕೆಲಸ ಅದು. ರಂಗನತಿಟ್ಟಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವನು ಅವನೇ. ಹಕ್ಕಿ ತೋರಿಸಲಿಕ್ಕಲ್ಲ, ಕಟ್ಟೆ ತೋರಿಸಲಿಕ್ಕೆ. ಅದರ ಕಥೆ ಮುಂದೆ ಹೇಳುತ್ತೇನೆ.

ಮೈಸೂರಿನಿಂದ ಹದಿನೇಳು ಹದಿನೆಂಟು ಕಿಲೋಮೀಟರ್. ಬೆಂಗಳೂರು ರಸ್ತೆಯಲ್ಲಿ ಶ್ರೀರಂಗಪಟ್ಟಣ ಸೇರುವ ಮುನ್ನ ಎಡಕ್ಕೆ ಪಾಲಹಳ್ಳಿಯ ಕಡೆ ತಿರುಗಬೇಕು. ರೈಲಿನಲ್ಲಿ ಬರುವವರು ಶ್ರೀರಂಗಪಟ್ಟಣದಲ್ಲಿ ಇಳಿದರೆ ಆಟೋದಲ್ಲಿ ಮೂರ್ನಾಲ್ಕು ಕಿಲೋಮೀಟರ್. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಭಾನುವಾರ ಬೇಡ. ಸೋಮವಾರ ಅಥವಾ ಮಂಗಳವಾರ ರಜೆ ಹಾಕಲು ಆಗುವುದಿಲ್ಲವೆಂದರೆ ಭಾನುವಾರವೇ ಬನ್ನಿ, ಆದರೆ ಹತ್ತು ಗಂಟೆಯ ಮೇಲೆ ಹಕ್ಕಿಗಿಂತ ಜನರನ್ನೇ ಹೆಚ್ಚು ನೋಡುತ್ತೀರಿ.

ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ದೋಣಿಯ ಟಿಕೆಟ್ ಕಡೆ ಓಡುತ್ತಾರೆ. ಸರದಿಯಲ್ಲಿ ನಿಂತು, ಹತ್ತಿ, ಒಂದು ಸುತ್ತು ಹಾಕಿ, ಮೊಸಳೆಯ ಚಿತ್ರ ತೆಗೆದು, ಇಳಿದು, ಐಸ್‌ಕ್ರೀಂ ತಿಂದು ಹೊರಟರೆ ಗಂಟೆಯೊಳಗೆ ರಂಗನತಿಟ್ಟು ಮುಗಿಯಿತು. ಮುಂದೆ ದರಿಯಾ ದೌಲತ್, ಸಂಜೆ ಬೃಂದಾವನ. ನನ್ನ ಸಲಹೆ ಇದಕ್ಕೆ ನೇರ ಉಲ್ಟಾ. ಮೊದಲ ಎರಡು ಗಂಟೆ ದೋಣಿಯ ಕಡೆ ತಲೆ ಹಾಕಬೇಡಿ. ದಡದ ಉದ್ದಕ್ಕೂ ಹಾದಿಯಿದೆ, ಕೂರಲು ಕಲ್ಲು ಬೆಂಚುಗಳಿವೆ. ಸೂರ್ಯ ಬೆನ್ನಿಗೆ ಬರುವ ಹಾಗೆ ಒಂದು ಜಾಗ ಆರಿಸಿ ಕುಳಿತುಕೊಳ್ಳಿ. ದೋಣಿ ಕೊಡುವುದು ಹತ್ತಿರದ ನೋಟ. ಆದರೆ ಏನನ್ನು ನೋಡಬೇಕೆಂದು ಗೊತ್ತಿಲ್ಲದವನನ್ನು ಹತ್ತಿರ ಕರೆದೊಯ್ದು ಏನು ಪ್ರಯೋಜನ? ದಡದಲ್ಲಿ ಕುಳಿತು ಕಣ್ಣು ಪಳಗಿದ ಮೇಲೆ ಅದೇ ದೋಣಿ ಬೇರೆಯದೇ ಕಥೆ ಹೇಳುತ್ತದೆ.

ಕೈಯಲ್ಲಿ ಏನಿರಬೇಕು? ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಸಾಕು. ಹನ್ನೆರಡು ಪಟ್ಟಿನದು ನನ್ನ ವಯಸ್ಸಿನವರ ಕೈಯಲ್ಲಿ ನಡುಗುತ್ತದೆ. ಟೋಪಿ, ನೀರು, ಒಂದು ನೋಟ್‌ಪುಸ್ತಕ. ಬಟ್ಟೆ ಮಣ್ಣಿನ ಬಣ್ಣದ್ದೋ ಎಲೆಯ ಬಣ್ಣದ್ದೋ ಆಗಿರಲಿ. ತಿಂಡಿ ತರುವುದಾದರೆ ಚೀಲದ ಜಿಪ್ ಹಾಕಿಯೇ ಇಡಿ. ಇಲ್ಲಿನ ಕೋತಿಗಳಿಗೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಎಷ್ಟು ದೂರದಿಂದ ಕೇಳಿಸುತ್ತದೆಯೋ ಗೊತ್ತಿಲ್ಲ, ನನ್ನ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ಎರಡು ಸಲ ಅವುಗಳ ಪಾಲಾಗಿದೆ. ಎರಡನೆಯ ಸಲ ಡಬ್ಬಿಯೂ ಹೋಯಿತು, ಅದು ಅವಳ ತವರಿನ ಡಬ್ಬಿ.

ಕುಳಿತ ಮೇಲೆ ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಕಾಣುವುದೆಲ್ಲ ಬಿಳಿ ಚುಕ್ಕೆಗಳು, ಕೇಳುವುದೆಲ್ಲ ಒಂದೇ ಗಲಾಟೆ. ಆಗ ಒಂದು ಉಪಾಯ ಮಾಡಿ. ಹಕ್ಕಿಯನ್ನು ಹುಡುಕಬೇಡಿ, ಬಂಡೆಯನ್ನು ನೋಡಿ. ಒಂದೇ ಬಂಡೆ. ಅದರ ಎಡ ತುದಿಯಿಂದ ಬಲ ತುದಿಯವರೆಗೆ ನಿಧಾನವಾಗಿ ಕಣ್ಣಾಡಿಸಿ. ಕಲ್ಲೇ ಎಂದುಕೊಂಡದ್ದು ಹಳದಿ ಕಣ್ಣು ಮಿಟುಕಿಸುತ್ತದೆ: ಅದು ಬಂಡೆಗೊರವ, ಹಗಲೆಲ್ಲ ಕಲ್ಲಿನ ಬಣ್ಣದಲ್ಲಿ ಕಲ್ಲಾಗಿ ಕೂರುವ ಹಕ್ಕಿ. ಕೊರಡು ಎಂದುಕೊಂಡದ್ದು ಬಾಯಿ ತೆರೆದುಕೊಂಡಿದ್ದರೆ ಅದು ಮೊಸಳೆ. ಯಾರನ್ನೋ ನುಂಗಲು ಬಾಯಿ ತೆರೆದಿದೆ ಎಂದು ಮಕ್ಕಳನ್ನು ಹೆದರಿಸಬೇಡಿ. ಬಿಸಿಲಿಗೆ ಮೈ ಒಡ್ಡಿದಾಗ ತಲೆಯ ಕಾವು ಕಡಿಮೆ ಮಾಡಿಕೊಳ್ಳಲು ಅದು ಹಾಗೆ ಮಾಡುತ್ತದೆ. ಬಂಡೆಯ ಅಡಿಭಾಗದಲ್ಲಿ, ನೀರಿನಿಂದ ಒಂದೆರಡು ಅಡಿ ಮೇಲೆ ಪುಟ್ಟ ಮಣ್ಣಿನ ಕುಡಿಕೆಗಳನ್ನು ಒಂದಕ್ಕೊಂದು ಅಂಟಿಸಿದ ಹಾಗೆ ಕಂಡರೆ ಅವು ಕವಲುತೋಕೆಗಳ ಗೂಡು. ಕೊಕ್ಕಿನಲ್ಲಿ ಕೆಸರಿನ ಉಂಡೆ ಹೊತ್ತು ತಂದು ಕುಂಬಾರನ ಕೆಲಸ ಮಾಡಿದ್ದು.

ಇಷ್ಟಾದ ಮೇಲೆ ಮರಕ್ಕೆ ಬನ್ನಿ. ಬಿದಿರಿನ ಮೆಳೆಯಲ್ಲಿ, ಹೊಳೆಮತ್ತಿಯ ಕೊಂಬೆಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಸಂಸಾರಗಳು. ಹಳದಿ ಉದ್ದ ಕೊಕ್ಕು, ಕಿತ್ತಳೆ ಮುಖ, ಬಾಲದ ಬಳಿ ಹೋಳಿಯ ಬಣ್ಣ ಚೆಲ್ಲಿದಂತೆ ಗುಲಾಬಿ ಇದ್ದರೆ ಬಣ್ಣದ ಕೊಕ್ಕರೆ. ಬರಿಯ ಕಪ್ಪು ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕಿದ್ದರೆ ಕೆಂಬರಲು. ಕೊಕ್ಕಿನ ತುದಿ ಚಪ್ಪಟೆಯಾಗಿ ಸೌಟಿನ ಹಾಗಿದ್ದರೆ ಚಮಚಕೊಕ್ಕು. ಅದು ಮೇಯುವಾಗ ನೋಡಬೇಕು: ಕೊಕ್ಕನ್ನು ಅರೆ ತೆರೆದು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ನೀರಿನಲ್ಲಿ ಬರೀ ಕತ್ತು ಮಾತ್ರ ಹಾವಿನ ಹಾಗೆ ತೇಲುತ್ತಿದ್ದರೆ ಗಾಬರಿ ಬೇಡ, ಅದು ಹಾವಕ್ಕಿ. ಸ್ವಲ್ಪ ಹೊತ್ತಿಗೆ ಬಂಡೆ ಹತ್ತಿ ಎರಡೂ ರೆಕ್ಕೆಗಳನ್ನು ಬಟ್ಟೆ ಒಣಹಾಕಿದಂತೆ ಹರಡಿಕೊಳ್ಳುತ್ತದೆ. ಗರಿ ನೀರು ಕುಡಿದು ತೊಯ್ಯುವುದರಿಂದಲೇ ಅದು ಸಲೀಸಾಗಿ ಮುಳುಗಬಲ್ಲದು, ಅದಕ್ಕಾಗಿಯೇ ಹೀಗೆ ಒಣಗಿಸಿಕೊಳ್ಳಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಬಾಯ್ಕಳಕ ಕೊಕ್ಕರೆ. ನೋಡಲು ಬಡಪಾಯಿ. ಮಾಸಿದ ಪಂಚೆಯ ಬಿಳುಪು, ಕೊಕ್ಕಿನ ಎರಡು ಭಾಗಗಳು ನಡುವೆ ಕೂಡುವುದೇ ಇಲ್ಲ, ಹಳೆಯ ಅಡಕತ್ತರಿಯ ಹಾಗೆ ಸಂದಿ. ಹುಟ್ಟುವಾಗ ಈ ಸಂದಿ ಇರುವುದಿಲ್ಲ. ಮರಿಯ ಕೊಕ್ಕು ನೆಟ್ಟಗೇ ಇರುತ್ತದೆ, ಬೆಳೆಯುತ್ತಾ ಬಾಗುತ್ತದೆ. ಒಂದು ನವೆಂಬರ್ ಬೆಳಿಗ್ಗೆ ದಡದ ಪಕ್ಕದ ಜೊಂಡಿನಲ್ಲಿ, ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ ಒಂದು ಬಾಯ್ಕಳಕ ಬಸವನಹುಳುವನ್ನು ಎತ್ತಿಕೊಂಡಿತು. ಒಡೆಯಬಹುದು ಎಂದುಕೊಂಡೆ. ಒಡೆಯಲಿಲ್ಲ. ಹುಳುವನ್ನು ಕೆಸರಿಗೆ ಒತ್ತಿ ಹಿಡಿದು ಕೊಕ್ಕಿನ ಕೆಳತುದಿಯನ್ನು ಚಿಪ್ಪಿನ ಮುಚ್ಚಳದ ಅಂಚಿಗೆ ತೂರಿಸಿತು. ತಲೆ ನೀರಿನೊಳಗೇ ಇತ್ತು. ಕತ್ತು ಮಾತ್ರ ಸಣ್ಣಗೆ ಅಲುಗುತ್ತಿತ್ತು, ಬೀಗ ತೆಗೆಯುವವನ ಮಣಿಕಟ್ಟಿನ ಹಾಗೆ. ಎಣಿಸುತ್ತಾ ಹೋದೆ, ನಲವತ್ತಾಯಿತು. ತಲೆ ಎತ್ತಿದಾಗ ಕೊಕ್ಕಿನಲ್ಲಿ ಇಡೀ ಮಾಂಸ ಜೋತಾಡುತ್ತಿತ್ತು, ಚಿಪ್ಪು ಕೆಳಗೆ ಬಿದ್ದಿತ್ತು. ಅದು ಹಾರಿದ ಮೇಲೆ ದಡದಂಚಿನಲ್ಲಿ ಬಗ್ಗಿ ನೋಡಿದೆ: ಚಿಪ್ಪಿಗೆ ಒಂದು ಬಿರುಕೂ ಇರಲಿಲ್ಲ.

ಬಸವನಹುಳು ಎಲ್ಲಿಂದ ಬಂತು? ಇಲ್ಲಿಂದ ಕಥೆ ನನ್ನ ತಾತನ ಕಡೆಗೆ ತಿರುಗುತ್ತದೆ.

ತಿಟ್ಟು ಎಂದರೆ ಸುತ್ತಲಿನ ಜಾಗಕ್ಕಿಂತ ಎತ್ತರದ ನೆಲ, ದಿಬ್ಬ. ರಂಗ ಯಾರೆಂದು ಶ್ರೀರಂಗಪಟ್ಟಣದ ನೆರೆಯಲ್ಲಿ ಕೇಳಬೇಕಾಗಿಲ್ಲ. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗಗಳಿಗಿಂತ ಮೊದಲು ಕಾವೇರಿಗೆ ಸಿಗುವ ಆದಿರಂಗ ಅವನು. ಹೊಳೆಯ ನಡುವಿನ ಬಂಡೆ, ದಿಬ್ಬಗಳು ಇಂದಿನ ಹಾಗೆ ವರ್ಷವಿಡೀ ನೀರು ಸುತ್ತುವರಿದ ತಿಟ್ಟುಗಳಾದದ್ದು 1645 ಮತ್ತು 1648ರ ನಡುವೆ. ರಣಧೀರ ಎಂದು ಹೆಸರಾದ ಕಂಠೀರವ ನರಸರಾಜ ಒಡೆಯರು ಆಗ ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿಸಿದರು. ಹೊಳೆಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತಂದ ಬಂಗಾರದೊಡ್ಡಿ ನಾಲೆಯೂ ಅವರ ಕಾಲದ್ದೇ. ಕಂಠೀರಾಯಿ ಹಣ ಎಂಬ ಪುಟ್ಟ ಚಿನ್ನದ ನಾಣ್ಯ ಹೊಡೆಸಿದವರೂ ಅವರೇ. ನಾಣ್ಯ ಗಾಜಿನ ಪೆಟ್ಟಿಗೆ ಸೇರಿ ಎಷ್ಟೋ ಕಾಲವಾಯಿತು, ನಾಲೆಯ ನೀರು ಮಾತ್ರ ಇಂದಿಗೂ ಗದ್ದೆಗೆ ಹಾಯುತ್ತಿದೆ.

ತಾತ ನನ್ನನ್ನು ಕರೆದುಕೊಂಡು ಬಂದಾಗ ನನಗೆ ಎಂಟೋ ಒಂಬತ್ತೋ ವರ್ಷ. ಕಟ್ಟೆಯ ಕಡೆ ಕೈತೋರಿಸಿ "ಇದನ್ನು ಯಾರೂ ಹಕ್ಕಿಗೆಂದು ಕಟ್ಟಲಿಲ್ಲ ಮಗು, ಭತ್ತಕ್ಕೆಂದು ಕಟ್ಟಿದ್ದು. ಹಕ್ಕಿ ತಾನೇ ಬಂತು" ಎಂದಿದ್ದ. ಅವನು ಹೇಳಿದ್ದರ ಹಿಂದಿನ ಲೆಕ್ಕ ನನಗೆ ಹೊಳೆದದ್ದು ಅದೇ ದಡದಲ್ಲಿ ಕುಳಿತು ಕುಳಿತು, ಐವತ್ತು ದಾಟಿದ ಮೇಲೆ. ಕಟ್ಟೆ ಹೊಳೆಯನ್ನು ತಡೆದಾಗ ಮೇಲ್ಭಾಗದ ನೀರು ಹರಡಿಕೊಂಡು ನಿಧಾನವಾಗುತ್ತದೆ. ನಿಧಾನವಾದ ನೀರು ಹೊತ್ತು ತಂದ ಮಣ್ಣನ್ನು ಕೆಳಗಿಳಿಸುತ್ತದೆ. ಬಂಡೆಗಳ ಸಂದಿಯಲ್ಲಿ ಮಣ್ಣು ಕೂತರೆ ಜೊಂಡು, ಮುಂಡಿಗೆ, ಬಿದಿರು, ಮತ್ತಿ. ಮರ ಬಂದರೆ ಗೂಡು. ಸುತ್ತಲೂ ನೀರಿರುವುದರಿಂದ ಬೆಕ್ಕು, ನಾಯಿ, ಮುಂಗುಸಿ, ಮನುಷ್ಯ ಯಾರೂ ನಡೆದು ಬರುವಂತಿಲ್ಲ. ಕೋಟೆಗೆ ಕಂದಕ ತೋಡಿದ ಹಾಗೆ, ಕಂದಕದಲ್ಲಿ ಮೊಸಳೆ ಬೇರೆ. ಇದು ಮನೆಯ ಮಾತಾಯಿತು, ಊಟದ ಮಾತು ಇನ್ನೂ ಇದೆ. ಕಟ್ಟೆಯಿಂದ ನಾಲೆಗೆ, ನಾಲೆಯಿಂದ ಗದ್ದೆಗೆ ಹೋದ ನೀರಿನಲ್ಲಿ ಬಸವನಹುಳು, ಏಡಿ, ಕಪ್ಪೆ, ಸಣ್ಣ ಮೀನು. ಗೂಡಿಗೆ ಜಾಗ ಮಾಡಿಕೊಟ್ಟ ನೀರೇ ಮರಿಗಳ ಹೊಟ್ಟೆಗೂ ದಾರಿ ಮಾಡಿತು. ಈ ತಿಟ್ಟುಗಳೆಲ್ಲ ಕೂಡಿ ಒಂದು ಚದರ ಕಿಲೋಮೀಟರೂ ಇಲ್ಲ. ಸುತ್ತಲ ಗದ್ದೆಗಳಿಲ್ಲದೆ ಇಷ್ಟು ಸಾವಿರ ಹೊಟ್ಟೆ ಇಲ್ಲಿ ತುಂಬುವುದು ಸಾಧ್ಯವೇ ಇಲ್ಲ.

ಆದ್ದರಿಂದ ದಡದಲ್ಲಿ ಕುಳಿತಾಗ ಕಟ್ಟೆಯನ್ನು ಮರೆಯಬೇಡಿ. ನೀರು ಕಲ್ಲಿನ ಮೇಲಿಂದ ಜಾರುವ ಸದ್ದು ಬರುವ ಕಡೆ ತಿರುಗಿ. ಬೇಸಿಗೆಯಲ್ಲಿ ಹೊಳೆ ತಗ್ಗಿದಾಗ ಕಲ್ಲಿನ ಸಾಲು ಚೆನ್ನಾಗಿ ಕಾಣುತ್ತದೆ. ಅದರ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ನಿಂತು, ಜಾರುವ ನೀರಿನಲ್ಲಿ ತಡವರಿಸುವ ಮೀನನ್ನು ಹೆಕ್ಕುತ್ತವೆ.

ಕಟ್ಟೆಗೆ ಮುನ್ನೂರು ವರ್ಷ ತುಂಬುವ ಹೊತ್ತಿಗೆ ಪಕ್ಷಿತಜ್ಞ ಸಲೀಂ ಅಲಿ ಬಂದರು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸುತ್ತಿದ್ದರು. ಈ ತಿಟ್ಟುಗಳಲ್ಲಿ ಗೂಡುಗಳನ್ನು ಕಂಡು, ಇದನ್ನು ಕಾಪಾಡಬೇಕೆಂದು ಅರಸರನ್ನು ಒಪ್ಪಿಸಿದರು, 1940ರಲ್ಲಿ ಪಕ್ಷಿಧಾಮವಾಯಿತು. ಸುತ್ತಮುತ್ತಲ ಜನಕ್ಕೆ ಹಕ್ಕಿ ಇರುವುದು ಮೊದಲಿನಿಂದಲೂ ಗೊತ್ತಿತ್ತು, ನನ್ನ ತಾತನಿಗಂತೂ ಗೊತ್ತೇ ಇತ್ತು. ಆದರೆ ಗೊತ್ತಿರುವುದು ಬೇರೆ, ಅರಮನೆಯವರೆಗೆ ಮುಟ್ಟಿಸುವುದು ಬೇರೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನ್ನಿಸಿಕೊಂಡ ಕರ್ನಾಟಕದ ಮೊದಲ ತಾಣವಾಯಿತು.

ಈಗ ದೋಣಿ. ಸಾಧ್ಯವಾದರೆ ಮುಂಭಾಗದ ಹಲಗೆಯಲ್ಲಿ ಕೂರಿ. ಜೀವರಕ್ಷಕ ಜಾಕೆಟ್ಟಿನ ಪಟ್ಟಿ ಬಿಗಿಯಿರಿ, ಕೈಯನ್ನು ನೀರಿಗೆ ಇಳಿಬಿಡಬೇಡಿ. ಕೆಳಗೆ ಇರುವವರ ಪರಿಚಯ ಆಗಲೇ ಆಗಿದೆಯಲ್ಲ. ಹುಟ್ಟು ಹಾಕುವ ಸಿಬ್ಬಂದಿಯೇ ಇಲ್ಲಿನ ನಿಜವಾದ ವಿದ್ವಾಂಸರು. ಆದರೆ ದೋಣಿ ತುಂಬ "ಮೊಸಳೆ ಎಲ್ಲಿ, ಮೊಸಳೆ ಎಲ್ಲಿ" ಎಂದು ಕೂಗುವವರಿದ್ದರೆ ಅವರೂ ಮೊಸಳೆ ತೋರಿಸಿ ಸುಮ್ಮನಾಗುತ್ತಾರೆ. ನೀವು ಮೆಲ್ಲಗೆ "ಅಣ್ಣಾ, ರೀವ ಮೊಟ್ಟೆ ಇಟ್ಟಿದೆಯೇ ಈ ಸಲ?" ಎಂದು ಕೇಳಿ ನೋಡಿ. ಆ ಮನುಷ್ಯನ ಮುಖವೇ ಬದಲಾಗುತ್ತದೆ.

ರೀವದ ವಿಷಯ ಯಾಕೆ ಎತ್ತಿದೆನೆಂದರೆ, ಬೇಸಿಗೆಯಲ್ಲಿ ಅದು ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಕಡ್ಡಿಯಿಲ್ಲ, ಹುಲ್ಲಿಲ್ಲ, ನೆರಳಿಲ್ಲ. ಹಳದಿ ಕೊಕ್ಕು, ಕಪ್ಪು ಟೋಪಿಯ ಈ ಹಕ್ಕಿ ಏಪ್ರಿಲ್ ಮಧ್ಯಾಹ್ನ ಹೊಳೆಗೆ ಹಾರಿ, ಹೊಟ್ಟೆಯ ಗರಿಯನ್ನು ನೀರಿಗೆ ತಾಗಿಸಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಕಾವು ಕೊಡಲಿಕ್ಕಲ್ಲ, ತಂಪು ಮಾಡಲಿಕ್ಕೆ. ಅದೇ ಹೊತ್ತಿಗೆ ಮೇಲಿನ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ ತನ್ನ ಮರಿಗಳಿಗೆ ಬಿಸಿಲು ತಾಗದಂತೆ ರೆಕ್ಕೆಗಳನ್ನು ಹರಡಿ ಕೊಡೆಯಾಗಿ ನಿಂತಿರುತ್ತದೆ. ಸೂರ್ಯ ಸರಿದಂತೆ ತಾನೂ ಸರಿಯುತ್ತದೆ. ಕೆಆರ್‌ಎಸ್‌ನಿಂದ ಬೇಸಿಗೆಯಲ್ಲಿ ನೀರು ಬಿಟ್ಟರೆ ಕೊಕ್ಕರೆಗೆ ತೊಂದರೆಯಿಲ್ಲ, ರೀವದ ಮೊಟ್ಟೆ ಮಾತ್ರ ಹೊಳೆಪಾಲು. ಕೆಳಗೆ ಭತ್ತ ಒಣಗುತ್ತಿರುವಾಗ ನೀರು ಬಿಡಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ನಾನು ನೀರುಗಂಟಿಯ ಮೊಮ್ಮಗ. ಆದರೂ ಆ ಬೆಳಿಗ್ಗೆ ಪತ್ರಿಕೆಯ ಮೂಲೆಯ ಅಂಕಿ ನೋಡುವಾಗ ಕಣ್ಣ ಮುಂದೆ ಬರುವುದು ಆ ಎರಡು ಚುಕ್ಕೆ ಚುಕ್ಕೆಯ ಮೊಟ್ಟೆಗಳೇ.

ಯಾವ ತಿಂಗಳು ಬರಬೇಕು ಎನ್ನುವವರಿಗೆ ನನ್ನ ನೋಟ್‌ಪುಸ್ತಕ ಹೇಳುವುದಿಷ್ಟು. ಮಾರ್ಚ್, ಏಪ್ರಿಲ್‌ನಲ್ಲಿ ಬಂದರೆ ಬಣ್ಣದ ಕೊಕ್ಕರೆಗಳ ಮರಿಗಳ ಗದ್ದಲ, ರೀವ, ತಗ್ಗಿದ ಹೊಳೆ, ಚೆನ್ನಾಗಿ ಕಾಣುವ ಕಟ್ಟೆ. ಬಿಸಿಲು ಮಾತ್ರ ಸಹಿಸಬೇಕು. ಮುಂಗಾರಿನ ತಿಂಗಳುಗಳು ಕೆಂಬರಲು, ಬಾಯ್ಕಳಕ, ಬೆಳ್ಳಕ್ಕಿ, ನೀರುಕಾಗೆಗಳವು, ದೋಣಿ ದೈವಚಿತ್ತ. ಡಿಸೆಂಬರ್, ಜನವರಿಯಲ್ಲಿ ಹವೆ ಹಿತವಾಗಿರುತ್ತದೆ, ಉತ್ತರದ ಅತಿಥಿಗಳೂ ಬಂದಿರುತ್ತಾರೆ. ಬಂಡೆಯಂಚಿನಲ್ಲಿ ಬಾಲ ಕುಣಿಸುವ ಪುಟ್ಟ ಹಕ್ಕಿಗೆ ಕುಂಡೆಕುಸ್ಕ ಎಂದು ಹೆಸರು ಎಂದಾಗ ನನ್ನ ಮೊಮ್ಮಗಳು ದೋಣಿಯಲ್ಲಿ ನಕ್ಕ ನಗುವಿಗೆ ಅರ್ಧ ಡಜನ್ ಬೆಳ್ಳಕ್ಕಿ ಹಾರಿಹೋದವು. ನೀರುನಾಯಿ ಕಾಣುವುದು ಅದೃಷ್ಟ. ನನಗೆ ಇಷ್ಟು ವರ್ಷಗಳಲ್ಲಿ ನಾಲ್ಕು ಸಲ ಕಂಡಿದೆ, ನಾಲ್ಕೂ ಸಲ ಕ್ಯಾಮೆರಾ ಚೀಲದೊಳಗಿತ್ತು.

ಒಂದು ದೂರು ಹೇಳಿಬಿಡುತ್ತೇನೆ. ಕೆಲವು ಪ್ರವಾಸದ ಬಸ್ಸಿನವರು ಮಕ್ಕಳನ್ನು ಗುಂಪು ಸೇರಿಸಲು ದಡದಲ್ಲಿ ಸೀಟಿ ಊದುತ್ತಾರೆ. ದೊಡ್ಡ ಹಕ್ಕಿ ಬೆದರಿ ಗೂಡು ಬಿಟ್ಟು ಎದ್ದರೆ, ಅದು ಮರಳುವವರೆಗೆ ಮರಿ ಬಿಸಿಲಿಗೂ ಕಾಗೆಗೂ ಹದ್ದಿಗೂ ಸಿಗುತ್ತದೆ. ಒಮ್ಮೆ ಒಬ್ಬ ಮೇಷ್ಟರಿಗೆ ಇದನ್ನು ಹೇಳಿದೆ. ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಲು ಶುರು ಮಾಡಿದರು.

ಹೊರಗೆ ಬಂದ ಮೇಲೆ ನೇರವಾಗಿ ಹೆದ್ದಾರಿ ಹಿಡಿಯಬೇಡಿ. ಪಾಲಹಳ್ಳಿಯ ಸುತ್ತ ನಾಲೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯಿರಿ. ನಾಟಿಯ ಕಾಲವಾಗಿದ್ದರೆ, ಬೆಳಿಗ್ಗೆ ದುರ್ಬೀನಿನಲ್ಲಿ ಕಷ್ಟಪಟ್ಟು ನೋಡಿದ ಅದೇ ಕೊಕ್ಕರೆಗಳು ಪೈರು ನೆಡುವ ಹೆಂಗಸರ ಹಿಂದೆ ಇಪ್ಪತ್ತು ಅಡಿ ಅಂತರದಲ್ಲಿ ಮೇಯುತ್ತಿರುತ್ತವೆ. ಅವರಿಗೆ ಇವುಗಳ ಹಂಗಿಲ್ಲ, ಇವುಗಳಿಗೆ ಅವರ ಭಯವಿಲ್ಲ. ಐದು ಗಂಟೆ ದಾಟುತ್ತಿದ್ದಂತೆ ಗದ್ದೆಗಳಿಂದ ಒಂದೊಂದೇ ಗುಂಪು ಎದ್ದು, ತೆಂಗಿನ ಗರಿಗಳ ಮೇಲಿಂದ ಹೊಳೆಯ ಕಡೆ ಹೋಗುತ್ತದೆ. ಕತ್ತಲು ಕವಿಯುವವರೆಗೆ ನಿಂತರೆ ಎದುರು ದಿಕ್ಕಿಗೆ, ತಿಟ್ಟಿನಿಂದ ಊರಿನ ಕಡೆಗೆ, ಬಾವಲಿಗಳು ಹೊರಡುತ್ತವೆ.